ಪೆನ್‌ಡ್ರೈವಿಗೆ ವನ್ಸ್ ಮೋರ್ ಕೇಳಿಸುವುದಿಲ್ಲ

ಹೋದ ದೀಪಾವಳಿಯ ಮುಂದೆ ಹುನಗುಂದದಿಂದ ಒಬ್ಬ ಹುಡುಗ ಇಳಕಲ್ಲಿನ ನಮ್ಮ ಮನೆಗೆ ಬಂದಿದ್ದ. ವಯಸ್ಸು ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಬೆನ್ನಿಗೆ ಚೀಲ, ಚೀಲದಲ್ಲಿ ಲ್ಯಾಪ್‌ಟಾಪು. ಭಜನಾಪದ, ಜಾತ್ರೆಯ ಹಾಡು, ಮದುವೆಯ ಹಾಡುಗಳಿಗೆ ಮ್ಯೂಸಿಕ್ ಮಾಡಿ ಯೂಟ್ಯೂಬಿಗೆ ಹಾಕುತ್ತಾನೆ. ಕೈ ಚುರುಕು, ಕಿವಿಯೂ ಚಲೋ ಇದೆ. ಪಡಸಾಲೆಯ ಮೂಲೆಯಲ್ಲಿ ನನ್ನ ಹೆಂಡತಿಯ ಹಳೆಯ ಸೀರೆಯೊಂದನ್ನು ಹೊದ್ದು ಮಲಗಿದ್ದ ನನ್ನ ಕೀಬೋರ್ಡನ್ನು ನೋಡಿದ. ಸೆರಗು ಎತ್ತಿ ನೋಡಿ ನಕ್ಕ. "ಮಾಮಾ, ಇದನ್ನ ಇನ್ನೂ ಯಾಕ ಇಟಗೊಂಡೀರಿ? ಮಾರಿಬಿಡ್ರಿ. ಇದರಾಗ ಇರೂದೆಲ್ಲಾ ಈಗ ಲ್ಯಾಪ್‌ಟಾಪಿನಾಗ ಐತಿ. ಇದರಪ್ಪನಂಥಾದ್ದೂ ಐತಿ" ಅಂದ.

ಚಹಾ ಕುಡಿಸಿ ಕಳಿಸಿದೆ. ಉತ್ತರ ಕೊಡಲಿಲ್ಲ. ಮನೆಗೆ ಬಂದ ಹುಡುಗನ ಮೇಲೆ ಹರಿಹಾಯುವುದು ನಮ್ಮ ಕಡೆಯ ರೀತಿಯಲ್ಲ. ಆದರೆ ಕೊಡಬೇಕಾದ ಉತ್ತರ ಹೊಟ್ಟೆಯಲ್ಲೇ ಉಳಿದರೆ ಪಿತ್ತವಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೇ ಒಂದು ಮಾತು. ಯಂತ್ರ ಬಂದು ಸಂಗೀತ ಕೆಟ್ಟಿತು ಎಂದು ಕಟ್ಟೆಯ ಮೇಲೆ ಕುಳಿತು ಗೊಣಗುವ ಹಿರಿಯರ ಪೈಕಿ ನಾನಲ್ಲ. ನನ್ನ ತಂದೆ ಹಗಲು ಕುಣಿಮಗ್ಗದಲ್ಲಿ ಕುಳಿತು ಸೀರೆ ನೇಯುತ್ತಿದ್ದರು. ಜಾತ್ರೆಗಳ ಕಾಲ ಬಂತೆಂದರೆ ಮಗ್ಗ ಬಿಟ್ಟು ನಾಟಕ ಕಂಪನಿಗಳಲ್ಲಿ ಕಾಲಪೇಟಿ ಬಾರಿಸಲು ಹೋಗುತ್ತಿದ್ದರು. ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'ಗೆ ಅವರು ಎಷ್ಟು ರಾತ್ರಿ ಪೇಟಿ ಹಿಡಿದಿದ್ದರೋ ಲೆಕ್ಕವಿಲ್ಲ. ಕಂದಗಲ್ಲ ನಮಗೆ ದೂರದ ಊರೇನೂ ಅಲ್ಲ. ಹಿಂದಿನ ಹುನಗುಂದ ತಾಲೂಕಿನದೇ. ಆ ಪೇಟಿಯಾದರೂ ಎಲ್ಲಿಯದು? ಪ್ಯಾರಿಸಿನಲ್ಲಿ ಡೆಬೆನ್ ಎಂಬಾತ 1842ರಲ್ಲಿ ಪೇಟೆಂಟು ಮಾಡಿಸಿದ ವಾದ್ಯ. ಕಲಕತ್ತೆಯ ದ್ವಾರಕಾನಾಥ ಘೋಷ್ ಎಂಬವರು 1875ರ ಸುಮಾರಿಗೆ ಅದನ್ನು ನೆಲದ ಮೇಲೆ ಕುಳಿತು ಕೈಯಿಂದ ಗಾಳಿ ಹಾಕುವಂತೆ ಮಾಡಿದರು. ಪರದೇಶದ ಪೆಟ್ಟಿಗೆ, ಶ್ರುತಿ ಹಾಳು ಮಾಡುತ್ತದೆ, ಮೀಂಡ್ ಬರುವುದಿಲ್ಲ ಎಂದು 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೊ ಅದನ್ನು ತನ್ನ ನಿಲಯಗಳಿಂದ ಹೊರಗೆ ಹಾಕಿತು. ರವೀಂದ್ರನಾಥ ಟಾಗೋರರಂಥ ದೊಡ್ಡವರೂ ಅದಕ್ಕೆ ಸೈ ಎಂದರು. ಆ ನಿಷೇಧ ಸಡಿಲವಾಗಲು 1971ರವರೆಗೆ ಕಾಯಬೇಕಾಯಿತು. ಅಷ್ಟೂ ವರ್ಷ ನಮ್ಮ ಕಂಪನಿಗಳು ಕಾಲಪೇಟಿಯ ಮೇಲೆಯೇ ನಾಟಕ ಆಡಿದವು; ಮಂದಿ ರಾತ್ರಿಯಿಡೀ ಕುಳಿತು ಕೇಳಿದರು. ಅಂದಮೇಲೆ ಪೇಟಿಯ ಮನೆಯಲ್ಲಿ ಹುಟ್ಟಿದವನು ಯಂತ್ರಕ್ಕೆ ಬಯ್ಯುವ ಹಾಗಿಲ್ಲ. ಬೈದರೆ ಅಪ್ಪನಿಗೇ ಬೈದ ಹಾಗೆ.

ಆಮೇಲೆ ಕೀಬೋರ್ಡು ಬಂತು. ಕೀಬೋರ್ಡಿನಲ್ಲೂ 'ವರ್ಕ್‌ಸ್ಟೇಷನ್' ಎಂಬ ಜಾತಿ ಬೇರೆ. ಅದು ನಾದ ಹುಟ್ಟಿಸುತ್ತದೆ, ತಾಳ ಇಟ್ಟುಕೊಳ್ಳುತ್ತದೆ, ಬಾರಿಸಿದ್ದನ್ನು ಪದರ ಪದರವಾಗಿ ನೆನಪಿಟ್ಟು ಮತ್ತೆ ನುಡಿಸುತ್ತದೆ. 1988ರಲ್ಲಿ ಕಾರ್ಗ್ ಕಂಪನಿಯ ಎಂ1 ಬಂದಾಗ ಜಗತ್ತಿನ ಸ್ಟುಡಿಯೊಗಳೆಲ್ಲ ಅದರ ಬೆನ್ನು ಹತ್ತಿದವು. ಒಟ್ಟಿಗೆ 16 ಸ್ವರ, 8 ಟ್ರ್ಯಾಕು, ಅಷ್ಟೇ. 1999ರ ಟ್ರೈಟನ್‌ನಲ್ಲಿ ಸ್ವರ 62 ಆದವು. ಆ ಟ್ರೈಟನ್ನಿನ ಒಳಗಿದ್ದ ಮೂಲ ನಾದಗಳ ಭಂಡಾರವೆಲ್ಲ ಸೇರಿ 32 ಎಂಬಿ. ಇಂದು ನಮ್ಮ ಹುಡುಗನ ಲ್ಯಾಪ್‌ಟಾಪಿನಲ್ಲಿ ಒಂದು ಪಿಯಾನೊ ಇದಕ್ಕಿಂತ ನೂರಾರು ಪಟ್ಟು ಜಾಗ ಹಿಡಿಯುತ್ತದೆ. ಲೆಕ್ಕದಲ್ಲಿ ಅವನೇ ಗೆದ್ದ, ಒಪ್ಪಿದೆ.

ನನ್ನ ಯಂತ್ರ 2006ರಲ್ಲಿ ಸೆಕೆಂಡ್ ಹ್ಯಾಂಡಿನಲ್ಲಿ ಬಂದದ್ದು. ಕಂಪನಿಯ ಹೆಸರು ಇಲ್ಲಿ ಬೇಡ. ಬಾಗಲಕೋಟೆಯ ನವನಗರದಲ್ಲಿ ಗೆಳೆಯನೊಬ್ಬನ ಮನೆಯ ಮಾಳಿಗೆಯ ಖೋಲಿಯಲ್ಲಿ ಒಂದು ನಾಟಕದ ಹನ್ನೊಂದು ಹಾಡುಗಳಿಗೆ ಮ್ಯೂಸಿಕ್ ಕೂಡಿಸುತ್ತ ಎಂಟು ದಿನ ಕುಳಿತಿದ್ದೆ. ಎಂಟನೆಯ ದಿನ ಸಂಜೆ ಕರೆಂಟು ಹೋಯಿತು. ಆ ಕಾಲದ ಅನೇಕ ಯಂತ್ರಗಳಲ್ಲಿ ಫ್ಲಾಪಿಗೆ ಬರೆದುಕೊಳ್ಳದ ಹಾಡು ಕರೆಂಟಿನ ಜೊತೆಗೇ ಹೋಗಿಬಿಡುತ್ತಿತ್ತು. ನಾನು ಎರಡು ಹಾಡು ಬರೆದುಕೊಂಡಿದ್ದೆ. ಒಂಬತ್ತು ಹೋದವು. ತಪ್ಪು ನನ್ನದೇ. ಆದರೆ ಆ ರಾತ್ರಿ ಕತ್ತಲಲ್ಲಿ ಕುಳಿತು ಅತ್ತದ್ದು ಸುಳ್ಳಲ್ಲ.

ಮುಂದಿನ ವರ್ಷವೇ ಒಂದು ಕಂಪ್ಯೂಟರು ಕೊಂಡೆ. ಅಂದಿನಿಂದ ಇಂದಿನವರೆಗೆ ನನ್ನ ಒಂದು ಹಾಡೂ ಕಳೆದಿಲ್ಲ. ಕೀಬೋರ್ಡಿನ ಆ ಬೆರಳಗಲದ ಪರದೆಯಲ್ಲಿ ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದ ತಪ್ಪು ಸ್ವರ ಕಂಪ್ಯೂಟರಿನಲ್ಲಿ ಎದೆಯ ಮುಂದೆ ನಿಂತು ಮಾತಾಡುತ್ತದೆ. ನಾಟಕದ ಮಾಲಿಕರು ಬಂದು "ಎರಡನೇ ನುಡಿ ತಗೀರಿ" ಅಂದರೆ ಕತ್ತರಿಸಿ ತೆಗೆಯಲು ಅರ್ಧ ನಿಮಿಷ. ಹೀಗಾಗಿ ಕಂಪ್ಯೂಟರಿನ ಉಪಕಾರ ನನ್ನ ಮೇಲೆ ದೊಡ್ಡದು. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ಅದು ಕೃತಘ್ನತೆ.

ಮುಂದಿನದು ಬಾದಾಮಿಯ ಮಾತು. ಪುಷ್ಯ ಮಾಸದ ಬನಶಂಕರಿ ಜಾತ್ರೆ ನಮ್ಮ ನಾಟಕ ಕಂಪನಿಗಳಿಗೆ ವರ್ಷದ ಸುಗ್ಗಿ. ತೇರು ಹುಣ್ಣಿಮೆಗೆ ಎಳೆದು ಮುಗಿದರೂ ನಾಟಕ ಮುಗಿಯುವುದಿಲ್ಲ. ತಗಡಿನ ಥೇಟರುಗಳು ಸಾಲುಗಟ್ಟಿ ನಿಂತು ತಿಂಗಳಗಟ್ಟಲೆ ಆಡುತ್ತವೆ. 2016ರ ಜಾತ್ರೆಗೆ ನಾನು ಕಂಪ್ಯೂಟರಿನ ಹೊಸ ಅಮಲಿನಲ್ಲಿ ಲ್ಯಾಪ್‌ಟಾಪನ್ನೇ ರಂಗದ ಪಕ್ಕಕ್ಕೆ ಒಯ್ದೆ. ನಾದವೆಲ್ಲ ಲ್ಯಾಪ್‌ಟಾಪಿನದು, ಕೀಬೋರ್ಡು ಬರೀ ಒತ್ತುವ ಹಲಗೆ. ಮೊದಲ ಮೂರು ದಿನ ರಾಜವೈಭವ. ನಾಲ್ಕನೆಯ ದಿನ, ಜಾತ್ರೆಯ ಧೂಳಿಗೋ, ಜನರೇಟರಿನ ಏರಿಳಿತಕ್ಕೋ, ನಾಯಕಿಯ ಹಾಡಿನ ನಡುವೆ ಪರದೆ ಕಲ್ಲಾಗಿ ನಿಂತಿತು. ಹಿಡಿದಿದ್ದ ಸ್ವರ ಒಂದೇ ಸಮನೆ ಕೂಗುತ್ತ ಉಳಿಯಿತು, ಆಮೇಲೆ ಅದೂ ಇಲ್ಲ. ಆ ತಾಯಿ ಹಾಡು ನಿಲ್ಲಿಸಲಿಲ್ಲ; ತಬಲಾದವನ ಠೇಕಾದ ಮೇಲೆಯೇ ಒಂದು ನುಡಿ ಎಳೆದಳು. ಅಷ್ಟರಲ್ಲಿ ನಾನು ಕೇಬಲ್ಲು ಕಿತ್ತು ಕೀಬೋರ್ಡಿನ ಸ್ವಂತ ದನಿ ಎಬ್ಬಿಸಿದೆ. ಅದು 32 ಎಂಬಿಯ ಸಂತಾನವೇ ಇರಬಹುದು. ಆ ಹೊತ್ತಿಗೆ ಅದೇ ದೇವರಾಯಿತು. ಹಾಡು ಮುಗಿದಾಗ ಮಂದಿ "ವನ್ಸ್ ಮೋರ್" ಎಂದು ಕೂಗಿದರು. ಮತ್ತೆ ಹಾಡಿದಳು. ಮತ್ತೆ ಬಾರಿಸಿದೆ.

ಈ 'ವನ್ಸ್ ಮೋರ್' ಎಂಬುದು ಏನೆಂದು ಕಂಪನಿ ನಾಟಕ ನೋಡದವರಿಗೆ ಹೇಳಬೇಕು. ಶಬ್ದ ಇಂಗ್ಲಿಷಿನದು, ಹಕ್ಕು ಮಾತ್ರ ನಮ್ಮ ಮಂದಿಯದು. ಸತ್ತು ಬಿದ್ದ ಪಾತ್ರವೂ ವನ್ಸ್ ಮೋರಿಗೆ ಎದ್ದು ಹಾಡಿದ ಕಥೆಗಳನ್ನು ನನ್ನ ತಂದೆ ನಗುತ್ತ ಹೇಳುತ್ತಿದ್ದರು. ಮೊದಲ ಸಲ ಹಾಡಿದ ಹಾಗೆ ಎರಡನೆಯ ಸಲ ಯಾರೂ ಹಾಡುವುದಿಲ್ಲ. ಮಂದಿಯ ಉಮೇದು ನೋಡಿ ನಟಿ ಒಂದು ಆಲಾಪ ಹೆಚ್ಚಿಗೆ ತೆಗೆಯುತ್ತಾಳೆ. ಪೇಟಿಯವನು ಅವಳ ಉಸಿರು ನೋಡಿಕೊಂಡು ಕಾಯುತ್ತಾನೆ. ಹಾಸ್ಯದವನು ನಡುವೆ ಒಂದು ಮಾತು ತುರುಕುತ್ತಾನೆ. ಕಾಯುವುದು ಬಂದವನೇ ಪೇಟಿ ಮಾಸ್ತರ. ಬೆರಳು ಓಡಿಸುವುದು ಯಾರಿಗೂ ಬಂದೀತು.

ಇನ್ನು ನನ್ನ ಹೊಟ್ಟೆಯ ಕಿಚ್ಚಿನ ಸಂಗತಿ. 2018ರಲ್ಲಿ ಒಂದು ಕಂಪನಿಯ ಮಾಲಿಕರು, ಹೆಸರು ಬೇಡ, ನನ್ನಿಂದ ಒಂದು ನಾಟಕದ ಎಲ್ಲ ಹಾಡುಗಳ ಮ್ಯೂಸಿಕನ್ನು ಕಂಪ್ಯೂಟರಿನಲ್ಲಿ ಮಾಡಿಸಿಕೊಂಡರು. "ಮಾಸ್ತರ, ತಾಲೀಮಿಗೆ ಬೇಕು" ಅಂದರು. ನಾನು ಹದಿನೈದು ರಾತ್ರಿ ಕುಳಿತು, ಕೀಬೋರ್ಡಿನಲ್ಲಿ ಬಾರಿಸಿ, ಕಂಪ್ಯೂಟರಿನಲ್ಲಿ ತಿದ್ದಿ, ಒಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಮುಂದಿನ ಜಾತ್ರೆಗೆ ಕರೆ ಬರಲಿಲ್ಲ. ನಾನೇ ಬನಶಂಕರಿಗೆ ಹೋಗಿ, ಟಿಕೀಟು ತೆಗೆಸಿ, ತಗಡಿನ ಥೇಟರಿನಲ್ಲಿ ಕುಳಿತು ನೋಡಿದೆ. ರಂಗದ ಪಕ್ಕದಲ್ಲಿ ನಾನು ಕೂಡುತ್ತಿದ್ದ ಜಾಗದಲ್ಲಿ ಒಂದು ಮಿಕ್ಸರು, ಅದರ ಹೊಟ್ಟೆಯಲ್ಲಿ ನನ್ನ ಪೆನ್‌ಡ್ರೈವು. ನನ್ನ ಬೆರಳುಗಳೇ ನನ್ನ ಹೊಟ್ಟೆಯ ಮೇಲೆ ಬಾರಿಸುತ್ತಿದ್ದವು!

ಆವೊತ್ತು ನಾಯಕಿ ಚೆನ್ನಾಗಿಯೇ ಹಾಡಿದಳು. ಮಂದಿ ಕೂಗಿದರು: ವನ್ಸ್ ಮೋರ್, ವನ್ಸ್ ಮೋರ್. ಅವಳು ಪಕ್ಕಕ್ಕೆ ತಿರುಗಿ ನೋಡಿದಳು. ಅಲ್ಲಿ ಯಾರಿದ್ದಾರೆ? ಆಪರೇಟರ್ ಹುಡುಗ ಗಡಿಬಿಡಿಯಲ್ಲಿ ಏನೋ ಒತ್ತಿದ. ಮುಂದಿನ ದೃಶ್ಯದ ಗುಡುಗು ಬಂತು. ಮಂದಿ ನಕ್ಕರು. ಅವಳು ಕೈಮುಗಿದು ಒಳಗೆ ಹೋದಳು. ಆ ಕೈಮುಗಿತವನ್ನು ನಾನು ಮರೆಯಲಾರೆ. ಮಂದಿ ಕೇಳಿದ್ದನ್ನು ಕೊಡಲಾರದ ಕಲಾವಿದೆಯ ಮುಖ ಅದು. ಕೊಡುವ ಶಕ್ತಿ ಗಂಟಲಲ್ಲಿದ್ದೂ ಕೊಡಲಾರದ ಮುಖ.

ಇದಕ್ಕೆ ಮಾಲಿಕರ ಉತ್ತರ ನನಗೆ ಗೊತ್ತಿದೆ. "ಮಾಸ್ತರ, ಟಿ.ವಿ. ಬಂತು, ಮೊಬೈಲ್ ಬಂತು, ಥೇಟರ್ ಅರ್ಧ ತುಂಬೂದಿಲ್ಲ. ನಿಮಗ ಪಗಾರ, ಊಟ, ವಸತಿ ಎಲ್ಲಿಂದ ಕೊಡೂಣು?" ಇದು ಸುಳ್ಳು ಮಾತಲ್ಲ. ಕಂಪನಿಗಳ ಕಷ್ಟ ನಾನು ಕಂಡದ್ದು. ಆದರೆ ಒಂದು ಪ್ರಶ್ನೆ ಕೇಳುತ್ತೇನೆ. ಮನೆಯಲ್ಲಿ ಮೊಬೈಲಿನ ಮೇಲೆ ಬಿಟ್ಟಿ ಸಿಗುವ ಹಾಡನ್ನು ಬಿಟ್ಟು, ಬಸ್ಸಿಗೆ ರೊಕ್ಕ ಕೊಟ್ಟು, ಚಳಿಯಲ್ಲಿ ನಡುಗುತ್ತ ಮಂದಿ ಬನಶಂಕರಿಗೆ ಬರುವುದು ಯಾತಕ್ಕೆ? ತಾವು ಕೂಗಿದರೆ ರಂಗದ ಮೇಲಿನವರಿಗೆ ಕೇಳಿಸುತ್ತದೆ ಎಂಬುದಕ್ಕೆ. ಅದೊಂದನ್ನು ತೆಗೆದುಬಿಟ್ಟರೆ ಥೇಟರಿಗೂ ಮೊಬೈಲಿಗೂ ಉಳಿಯುವ ಭೇದ ತಗಡು ಮಾತ್ರ. ಗುಡುಗು, ಯುದ್ಧದ ನಗಾರಿ, ಕುದುರೆಯ ಖುರಪುಟ, ಇಪ್ಪತ್ತು ಪಿಟೀಲುಗಳ ಮೇಳ ಇವನ್ನೆಲ್ಲ ಕಂಪ್ಯೂಟರಿನಿಂದ ತರಲಿ, ಬೇಡ ಅನ್ನುವವನು ಮೂರ್ಖ. ಆದರೆ ಹಾಡಿನ ಬೆನ್ನಿಗೆ ಒಬ್ಬನೇ ಒಬ್ಬ ಮನುಷ್ಯ ಕೈಯಲ್ಲಿ ವಾದ್ಯ ಹಿಡಿದು ಕೂಡಲಿ. ಇಪ್ಪತ್ತು ಜನರ ಮೇಳವನ್ನು ಉಳಿಸಿಕೊಟ್ಟ ಯಂತ್ರ ಆ ಒಬ್ಬನ ಊಟವನ್ನೂ ಕಸಿಯಬೇಕೇ?

ರಂಗದ ಮಾತಾಯಿತು. ರೆಕಾರ್ಡಿಂಗಿನ ಖೋಲಿಯಲ್ಲಿ ನಡೆಯುವ ಅನ್ಯಾಯ ಇನ್ನೊಂದು ಬಗೆಯದು. ಅಲ್ಲಿ ಮಂದಿ ಇರುವುದಿಲ್ಲವಾದ್ದರಿಂದ ಯಾರಿಗೂ ಕಾಣುವುದಿಲ್ಲ. ನಮ್ಮ ಭಾಗದ ಒಬ್ಬ ಮುದುಕಿ, ಎಪ್ಪತ್ತು ದಾಟಿದವಳು, ತತ್ವಪದಗಳನ್ನು ಹಾಡುತ್ತಾಳೆ. ಅವಳ ಮೊಮ್ಮಗ ಪ್ರೀತಿಯಿಂದಲೇ ಪಟ್ಟಣದ ಒಂದು ಸ್ಟುಡಿಯೊಕ್ಕೆ ಕರೆದೊಯ್ದು ರೆಕಾರ್ಡ್ ಮಾಡಿಸಿದ. ಅಲ್ಲಿಯವರು ಆಕೆಯ ಕಿವಿಗೆ ಟಕ್ ಟಕ್ ಎಂಬ ಗಡಿಯಾರದ ಸದ್ದು ತೊಡಿಸಿದರು. ಎಂದೂ ಗಡಿಯಾರಕ್ಕೆ ಹಾಡದ ಜೀವ. ಹಾಡಿಸಿಯಾದ ಮೇಲೆ ಅವಳು ಎಳೆದಲ್ಲಿ ಕತ್ತರಿಸಿದರು, ಜಾರಿಸಿದಲ್ಲಿ ಒತ್ತಿ ಹನ್ನೆರಡು ಮನೆಗಳಲ್ಲಿ ಒಂದರೊಳಗೆ ಕೂಡಿಸಿದರು. ಬಂದ ಹಾಡನ್ನು ಕೇಳಿದ ಮುದುಕಿ "ಯಾರೋ ಚಲೋ ಹಾಡ್ಯಾರ" ಅಂದಳಂತೆ. ಇದಕ್ಕಿಂತ ಕಟುವಾದ ವಿಮರ್ಶೆಯನ್ನು ನಾನು ಓದಿಲ್ಲ.

ಆಮೇಲೆ ಅದೇ ಮುದುಕಿಯನ್ನು ನಮ್ಮ ಪಡಸಾಲೆಯಲ್ಲಿ ಕೂಡಿಸಿ ಹಾಡಿಸಿದೆ. ಗಡಿಯಾರ ಇಲ್ಲ. ಅವಳಿಗೆ ಬೇಕಾದ ಕರಿ ಎರಡರ ಶ್ರುತಿ ಹಿಡಿದೆ. ಅವಳು ಹಾಡಿದ ಹಾಗೆ ನಾನು ಹಿಂದೆ ಹೋದೆ. ಕಂಪ್ಯೂಟರು ನಮ್ಮಿಬ್ಬರ ಹಿಂದೆ ಬಂತು. ಯಜಮಾನಿಕೆಯ ಕ್ರಮ ಇದು: ಕಂಠ ಮೊದಲು, ಕೈ ಎರಡನೆಯದು, ಕಂಪ್ಯೂಟರು ಮೂರನೆಯದು. ಈ ಕ್ರಮ ತಿರುವುಮುರುವಾದಲ್ಲಿ ಮುದುಕಿಗೆ ತನ್ನ ದನಿಯೇ ಗುರುತು ಸಿಗುವುದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಕೀಬೋರ್ಡೂ ಸಾಚಾ ಅಲ್ಲ. ಸರಿಸಮ ಹಂಚಿದ ಹನ್ನೆರಡು ಮನೆಗಳಲ್ಲಿ ಗಾಂಧಾರ ಸಹಜ ಗಾಂಧಾರಕ್ಕಿಂತ 14 ಸೆಂಟ್ ಮೇಲೆ ಕೂಡುತ್ತದೆ. ಒಂದು ಮನೆಗೆ 100 ಸೆಂಟ್ ಎಂಬುದು ಲೆಕ್ಕ. ಹಾರ್ಮೋನಿಯಂ ಮೇಲೆ ಬಂದ ಹಳೆಯ ಆರೋಪವೂ ಇದೇ. ಆದರೆ ಪೇಟಿಯಲ್ಲಿ ಉಪಾಯವಿರಲಿಲ್ಲ, ವರ್ಕ್‌ಸ್ಟೇಷನ್ನಿನಲ್ಲಿ ಇದೆ. ಒಂದೊಂದು ಮನೆಯನ್ನೂ ಬೇರೆ ಬೇರೆಯಾಗಿ ಇಳಿಸಿ ಏರಿಸಬಹುದು. ಗಾಂಧಾರ 14, ದೈವತ 16, ನಿಷಾದ 12 ಇಳಿಸಿ ನೋಡಿ. ಮುದುಕಿಯ ಮುಖ ಅರಳುತ್ತದೆ. ಈ ಸೌಲಭ್ಯ ತಮ್ಮ ಕೀಬೋರ್ಡಿನಲ್ಲಿದೆಯೆಂದು ಹತ್ತು ವರ್ಷ ಬಾರಿಸಿದವರಿಗೂ ತಿಳಿದಿರುವುದಿಲ್ಲ. ಯಂತ್ರಕ್ಕೆ ಬಯ್ಯುವವರು ಮೊದಲು ಅದರ ಪುಸ್ತಕ ಓದಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಲ್ಯಾಪ್‌ಟಾಪಿನವರಿಗೂ ಒಂದು ಲೆಕ್ಕ ಇದೆ. ಕಂಪ್ಯೂಟರು ದನಿಯನ್ನು ಸೆಕೆಂಡಿಗೆ 44,100 ತುಣುಕು ಮಾಡಿ, ಒಂದಿಷ್ಟು ತುಣುಕು ಕೂಡಿದ ಮೇಲೆ ಹೊರಗೆ ಬಿಡುತ್ತದೆ. 1,024 ತುಣುಕಿಗೊಮ್ಮೆ ಬಿಡುವಂತೆ ಇಟ್ಟರೆ ಅಲ್ಲಿಯೇ 23 ಮಿಲಿಸೆಕೆಂಡು ಹೋಯಿತು. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಅಂದರೆ ನಿಮ್ಮ ಬೆರಳಿನ ಸ್ವರ 8 ಮೀಟರ್ ಆಚೆಯಿಂದ ಬಂದ ಹಾಗೆ. ಕೈ ಪಡಸಾಲೆಯಲ್ಲಿ, ದನಿ ಹಿತ್ತಲಲ್ಲಿ! 128ಕ್ಕೆ ಇಳಿಸಿದರೆ 3 ಮಿಲಿಸೆಕೆಂಡು, ಒಂದೇ ಮೀಟರ್. ಆದರೆ ಬಡವರ ಲ್ಯಾಪ್‌ಟಾಪು ಅಷ್ಟಕ್ಕೆ ಏದುಸಿರು ಬಿಟ್ಟು ಕರಕರ ಅನ್ನುತ್ತದೆ. ಹೀಗಾಗಿ ನಾನು ಮಾಡುವುದು ಇಷ್ಟು. ಬಾರಿಸುವಾಗ ಕೀಬೋರ್ಡಿನ ಸ್ವಂತ ದನಿಯನ್ನೇ ಕೇಳುತ್ತೇನೆ. ಆ ದನಿಯೂ, ಯಾವ ಮನೆ ಎಷ್ಟು ಜೋರಿಗೆ ಒತ್ತಿದೆ ಎಂಬ ಮಿಡಿಯ ಲೆಕ್ಕವೂ ಎರಡೂ ಕಂಪ್ಯೂಟರಿಗೆ ಹೋಗುತ್ತವೆ. ಆಮೇಲೆ ಬೇಕಾದರೆ ಆ ಲೆಕ್ಕಕ್ಕೆ ಲ್ಯಾಪ್‌ಟಾಪಿನ ದೊಡ್ಡ ಪಿಯಾನೊ ತೊಡಿಸುತ್ತೇನೆ. ಆಗ ಕೀಬೋರ್ಡಿನ 'ಲೋಕಲ್ ಕಂಟ್ರೋಲ್' ಬಂದ್ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಒಬ್ಬನನ್ನು ಕೂಗಿದರೆ ಇಬ್ಬರು ಓಗೊಟ್ಟ ಹಾಗೆ ಒಂದೊಂದು ಸ್ವರವೂ ಎರಡೆರಡು ಸಲ ನುಡಿಯುತ್ತದೆ.

ಈ ಮಿಡಿ ಎಂಬ ಭಾಷೆಯಾದರೂ ಹುಟ್ಟಿದ್ದು ಹೇಗೆ? ಜಪಾನಿನ ರೋಲ್ಯಾಂಡ್, ಅಮೆರಿಕದ ಸೀಕ್ವೆನ್ಷಿಯಲ್ ಸರ್ಕಿಟ್ಸ್ ಎರಡೂ ಒಂದೇ ಪೇಟೆಯಲ್ಲಿ ಕಾದಾಡುತ್ತಿದ್ದ ಕಂಪನಿಗಳು. 1983ರ ಜನವರಿಯಲ್ಲಿ ಒಂದರ ವಾದ್ಯವನ್ನು ಇನ್ನೊಂದರ ವಾದ್ಯಕ್ಕೆ ಒಂದು ವಾಯರಿನಿಂದ ಕೂಡಿಸಿ ತೋರಿಸಿದರು. ಲಾಭಕ್ಕಾಗಿ ಹೊಡೆದಾಡುವ ವ್ಯಾಪಾರಸ್ಥರು ಅಷ್ಟು ಹಿಂದೆಯೇ ಕೈಕುಲುಕಿದರು. ಹುನಗುಂದದ ಹುಡುಗ, ಇಳಕಲ್ಲಿನ ಮುದುಕ ನಾವು ಮಾತ್ರ ಇನ್ನೂ ನಿನ್ನದು ದೊಡ್ಡದೋ ನನ್ನದು ದೊಡ್ಡದೋ ಎಂದು ಜಗಳಾಡುತ್ತಿದ್ದೇವೆ!

ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಯಿತು ಎಂದು ಹುಡುಗರು ನನಗೆ ಗಾದೆ ಹೇಳುತ್ತಾರೆ. ಈ ಗಾದೆಯನ್ನು ಬಾಗಲಕೋಟೆಯವರ ಮುಂದೆ ಹೇಳಬಾರದು. ಆಲಮಟ್ಟಿಯ ಹಿನ್ನೀರು ಬಂದಾಗ ಏನೇನು ಹೋಗುತ್ತದೆ ಎಂದು ಅವರಿಗೆ ಗೊತ್ತಿದೆ. ನವನಗರದಲ್ಲಿ ಹೊಸ ಮನೆ ಕಟ್ಟಿದಾಗ ಹಳೆಯ ಊರಿನ ಮನೆಯ ಬಾಗಿಲು ಚೌಕಟ್ಟು ಕಿತ್ತು ತಂದು ನಿಲ್ಲಿಸಿಕೊಂಡವರನ್ನು ನಾನು ಬಲ್ಲೆ. ಅವರೇನು ಹೊಸ ಮನೆಯ ವೈರಿಗಳೇ?

ನಮ್ಮ ಸೀರೆಯನ್ನೇ ನೋಡಿ. ಇಳಕಲ್ಲ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದಿರಬಹುದು, ಸೆರಗು ರೇಷ್ಮೆಯದು. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಇದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಚಿಕ್ಕವನಿದ್ದಾಗ ಕೊಂಡಿ ಹಾಕುವ ತಂದೆಯ ಎದುರಿಗೆ ಎಳೆ ಹಿಡಿದು ಕುಳಿತವನು ನಾನೇ. ಹತ್ತಿಯೇ ಸಾಕು ಅಂದವನಿಗೆ ಸೆರಗಿಲ್ಲ. ರೇಷ್ಮೆಯೇ ಸಾಕು ಅಂದವನಿಗೆ ಅದು ಇಳಕಲ್ಲ ಸೀರೆಯಲ್ಲ.

ಹುಡುಗನಿಗೆ ನಿನ್ನೆ ಫೋನು ಮಾಡಿದೆ. ಕೀಬೋರ್ಡು ಮಾರುವುದಿಲ್ಲವೆಂದು ಹೇಳಿದೆ. "ರವಿವಾರ ಲ್ಯಾಪ್‌ಟಾಪ್ ತಗೊಂಡು ಬಾ. ಮುದುಕಿ ಬರ್ತಾಳ, ಹಾಡಾಕ. ನೀ ಕಂಪ್ಯೂಟರ್ ಹಿಡಿ, ನಾ ಪೇಟಿ ಹಿಡೀತೀನಿ" ಅಂದೆ. ಕೂಡಿಸುವ ಕೇಬಲ್ ತನ್ನ ಬಳಿ ಇಲ್ಲ ಅಂದ. ನನ್ನ ಬಳಿ ಎರಡಿವೆ.